ಲೆಕ್ಕಪರಿಶೋಧಕನ ಎಚ್ಚರ

ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಓದುವ ಮಗನೋ ಮಗಳೋ ಇರುವ ಮನೆಯಲ್ಲಿ ನಡುರಾತ್ರಿಯವರೆಗೆ ದೀಪ ಉರಿಯುವುದು ಚೆನ್ನೈಯ ಕನ್ನಡ ಕುಟುಂಬಗಳಿಗೆ ಹೊಸತಲ್ಲ. ತರಬೇತಿಯ ಅವಧಿಯಲ್ಲಿ ಹಗಲೆಲ್ಲ ಲೆಕ್ಕಪರಿಶೋಧಕರ ಕಚೇರಿಯ ಕೆಲಸ. ಓದಿಗೆ ಉಳಿಯುವುದು ಮುಂಜಾವು ಮತ್ತು ಇರುಳು. ಹಬ್ಬ, ಮದುವೆ, ಗೆಳೆಯರ ಕೂಟಗಳು ವರ್ಷಗಟ್ಟಲೆ ದೂರವಾಗುತ್ತವೆ. ಪ್ರತಿಯೊಂದು ಪತ್ರಿಕೆಯಲ್ಲಿ ಶೇಕಡ 40, ಗುಂಪಿನ ಒಟ್ಟಿನಲ್ಲಿ ಶೇಕಡ 50 ಅಂಕಗಳು ದೊರೆಯಬೇಕೆಂಬುದು ನಿಯಮ. ಒಂದು ಪತ್ರಿಕೆಯಲ್ಲಿ ಎಡವಿದರೂ ಆ ಗುಂಪು ಉತ್ತೀರ್ಣವಾಗದು. ಸಂಪಾದನೆಯ ಕಾಲ ಮತ್ತೂ ಮುಂದೆ ಹೋಗುತ್ತದೆ. ಆದುದರಿಂದ ಈ ತ್ಯಾಗದಲ್ಲಿ ತಂದೆತಾಯಿಗಳೂ ಪಾಲುದಾರರು.

ಆದರೆ ನಿದ್ರೆಯನ್ನು ತ್ಯಾಗದ ಪಟ್ಟಿಗೆ ಸೇರಿಸುವುದು ವಿವೇಕವಲ್ಲ. ಹಗಲು ಕಲಿತುದನ್ನು ಮೆದುಳು ನೆಲೆಗೊಳಿಸಿಕೊಳ್ಳಲು ನಿದ್ರೆ ಅವಶ್ಯಕ. ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ರಾತ್ರಿ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಗಳ ನಂತರವೂ ಶರೀರದಲ್ಲಿ ಉಳಿದಿರುತ್ತದೆ. ನಿದ್ದೆಗೆಟ್ಟವನ ಗಮನ ಮೊದಲು ಕುಂದುತ್ತದೆ. ಲೆಕ್ಕಕ್ಕೆ ಬೇಕಾದುದು ಅದೇ. ಅನುತ್ತೀರ್ಣನಾದ ವಿದ್ಯಾರ್ಥಿಯ ಖಿನ್ನತೆ ಎರಡು ವಾರಗಳಾದರೂ ತಗ್ಗದಿದ್ದರೆ ಗದರಿಕೆಗೆ ಬದಲಾಗಿ ವೈದ್ಯರ ಸಲಹೆ ಪಡೆಯಬೇಕು.

ದೇಹದಂಡನೆಗಿಂತ ಮನೋದಾರ್ಢ್ಯವೇ ಈ ವೃತ್ತಿಗೆ ಮುಖ್ಯವೆಂಬುದಕ್ಕೆ ಮದರಾಸಿನ ಆರ್. ಶಿವಭೋಗಂ ನಿದರ್ಶನರಾಗಿದ್ದಾರೆ. ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿ ವೆಲ್ಲೂರಿನ ಸೆರೆಮನೆ ಸೇರಿದ್ದ ಅವರು, 1933ರಲ್ಲಿ ಲೆಕ್ಕಶಾಸ್ತ್ರದ ಡಿಪ್ಲೊಮ ಪಡೆದು ಭಾರತದ ಪ್ರಥಮ ಮಹಿಳಾ ಲೆಕ್ಕಪರಿಶೋಧಕಿ ಎನಿಸಿದರು. ಸೆರೆವಾಸ ಅನುಭವಿಸಿದವರಿಗೆ ನೋಂದಣಿಯಿಲ್ಲವೆಂಬ ಅಂದಿನ ನಿಯಮ ಅಡ್ಡಬಂದಾಗ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದು, 1937ರಲ್ಲಿ ವೃತ್ತಿಯನ್ನು ಆರಂಭಿಸಿದರು. ಮುಂದೆ 1955ರಿಂದ 1958ರವರೆಗೆ ವೃತ್ತಿಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷರೂ ಆಗಿದ್ದರು.

ಪದವಿ ದೊರೆತೊಡನೆ ತ್ಯಾಗ ಮುಗಿಯದು. ಕಕ್ಷಿದಾರನ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹುವುದು, ತನಗೆ ಗಣನೀಯ ಹಿತಾಸಕ್ತಿಯಿರುವ ವ್ಯವಹಾರದ ಲೆಕ್ಕದ ಮೇಲೆ ತಾನೇ ಅಭಿಪ್ರಾಯ ಕೊಡುವುದು, ತಿಳಿದ ಮುಖ್ಯ ಸಂಗತಿಯನ್ನು ವರದಿಯಲ್ಲಿ ಮರೆಮಾಡುವುದು ಇವೆಲ್ಲವೂ 1949ರ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆಯಂತೆ ವೃತ್ತಿದುರ್ನಡತೆಗಳು. ಅವನ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ನಿವೃತ್ತನೊಬ್ಬ ತನ್ನ ಉಳಿತಾಯವನ್ನು ಷೇರುಗಳಲ್ಲಿ ತೊಡಗಿಸುತ್ತಾನೆ. ದೊಡ್ಡ ಕಕ್ಷಿದಾರನನ್ನು ಕಳೆದುಕೊಂಡರೂ ಸುಳ್ಳು ಲೆಕ್ಕಕ್ಕೆ ಸಹಿ ಹಾಕದಿರುವುದು ಪರೀಕ್ಷೆಯ ರಾತ್ರಿಗಳಿಗಿಂತ ಕಠಿಣವಾದ ವ್ರತ.

ಕಠೋಪನಿಷತ್ತಿನಿಂದ ಆಯ್ದ ಸಂಸ್ಥೆಯ ಧ್ಯೇಯವಾಕ್ಯವು, ಮಲಗಿದವರಲ್ಲಿಯೂ ಎಚ್ಚತ್ತಿರುವ ಚೈತನ್ಯವನ್ನು ನೆನಪಿಸುತ್ತದೆ. ಆ ಎಚ್ಚರವನ್ನು ಅಂತಃಕರಣದಲ್ಲಿ ಕಾಪಾಡಿಕೊಂಡು ರಾತ್ರಿ ನೆಮ್ಮದಿಯಿಂದ ನಿದ್ರಿಸಬಲ್ಲವನೇ ಆ ಮಾತಿಗೆ ತಕ್ಕ ಲೆಕ್ಕಪರಿಶೋಧಕ.