ಔಷಧ ಹೊಡೆಯುವ ಡ್ರೋನ್ ಮತ್ತು ಹೊಲದ ಮೇಲಿನ ವಿದ್ಯುತ್ ತಂತಿ



ಕಳೆದ ಶ್ರಾವಣದಲ್ಲಿ ನಮ್ಮ ಕಾರ್ಯಕ್ಷೇತ್ರದ ಒಂದು ಊರಿನಲ್ಲಿ ಆಡಸಾಲಿ ಕಬ್ಬಿಗೆ ಔಷಧ ಹೊಡೆಯುತ್ತಿದ್ದ ಡ್ರೋನ್ 11 ಕೆ.ವಿ. ತಂತಿಗೆ ತಾಗಿತು. ಎರಡು ತಂತಿಗಳು ಒಂದಕ್ಕೊಂದು ಬಡಿದು ಕಿಡಿ ಹಾರಿ, ಒಂದು ಸುಟ್ಟು ಹರಿದು ಕಬ್ಬಿನೊಳಗೆ ಬಿದ್ದಿತು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊಲದ ಯಜಮಾನರು ಕುಡುಗೋಲು ಹಿಡಿದು ಡ್ರೋನ್ ಹುಡುಕಲು ಒಳಗೆ ಹೊರಟಿದ್ದರು. “ಲೈಟು ಹೋಗೇದ ಸಾಹೇಬ್ರ, ಏನೂ ಆಗಂಗಿಲ್ಲ” ಎಂದರು. ತೋಳು ಹಿಡಿದು ನಿಲ್ಲಿಸಿಕೊಂಡೆ. ಹತ್ತು ನಿಮಿಷ ಕಳೆದಿರಬಹುದು, ಕಬ್ಬಿನ ನಡುವಿನಿಂದ ಚಟಚಟ ಸದ್ದು ಬಂದು ಹೊಗೆ ಎದ್ದಿತು. ಕರೆಂಟು ಮರಳಿ ಬಂದಿತ್ತು. ಅಂದಿನಿಂದ ಈ ವಿಷಯವನ್ನು ಬರೆಯಬೇಕೆಂದುಕೊಂಡಿದ್ದೆ.

ಡ್ರೋನ್ ಬೇಡವೆಂದು ನಾನು ಹೇಳುವವನಲ್ಲ. 2002ರಲ್ಲಿ ಬಿಳಿ ಉಣ್ಣೆ ಹೇನು ಬಂದಾಗ ಎತ್ತರದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗಿದವರ ಪಾಡು ನಮಗೆಲ್ಲ ನೆನಪಿದೆ. ಮೇಲಿನಿಂದ ಔಷಧ ಹೊಡೆಯುವ ವಿಚಾರವೂ ಹೊಸದಲ್ಲ. 1921ರ ಆಗಸ್ಟ್ 3ರಂದು ಅಮೆರಿಕೆಯ ಓಹಾಯೋದಲ್ಲಿ ಮರಗಳ ಹುಳುವಿನ ಮೇಲೆ ಮೊದಲ ಬಾರಿಗೆ ವಿಮಾನದಿಂದ ಔಷಧದ ಪುಡಿ ಉದುರಿಸಿದರು. ಆದರೆ ಈ ಕೆಲಸಕ್ಕೆ ತಗ್ಗಿನಲ್ಲಿಯೇ ಹಾರಬೇಕು. ಮೇಲಿನಿಂದ ಬಿಟ್ಟರೆ ಔಷಧ ಗಾಳಿಯಲ್ಲಿ ತೇಲಿ ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮಂತೆಯೇ ಗಡಿಯಾಚೆ ಕನ್ನಡವಾಡುವ ಕಾಸರಗೋಡಿನ ಜನರಿಗೆ ಇದು ಗೊತ್ತು. ಅಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದರ ಫಲವನ್ನು ಅವರು ಇಂದಿಗೂ ಉಣ್ಣುತ್ತಿದ್ದಾರೆ. ಹೀಗೆ ತಗ್ಗಿ ಹಾರುವುದು ಅನಿವಾರ್ಯ, ತಗ್ಗಿ ಹಾರಿದರೆ ತಂತಿ ಎದುರಾಗುವುದೂ ಅನಿವಾರ್ಯ.

ಲೆಕ್ಕ ಮಾಡಿ ನೋಡಿರಿ. ಹೊಲದ ಮೇಲೆ ಹಾಯುವ 11 ಕೆ.ವಿ. ತೆರೆದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಫೂಟು ಎತ್ತರದಲ್ಲಿ ಇರಬೇಕೆಂಬುದು ನಿಯಮ. ಎರಡು ಕಂಬಗಳ ನಡುವೆ ಅದು ಜೋತು ಬೀಳುತ್ತದೆ, ಬಿಸಿಲು ಏರಿದಂತೆ ಇನ್ನಷ್ಟು ಜೋಲುತ್ತದೆ. ಬೆಳೆದ ಕಬ್ಬು 10-12 ಫೂಟು. ಡ್ರೋನ್ ಬೆಳೆಯ ಮೇಲೆ 2-3 ಮೀಟರ್ ಎತ್ತರದಲ್ಲಿ ಹಾರುತ್ತದೆ. ಕೂಡಿಸಿದರೆ 17ರಿಂದ 22 ಫೂಟು. ಸೋಯಾಬೀನಿನ ಹೊಲದಲ್ಲಿ ಅದೇ ಡ್ರೋನ್ ತಂತಿಯ ಕೆಳಗೆ ಸುಖವಾಗಿ ಹಾಯ್ದು ಹೋಗುತ್ತದೆ. ಕಬ್ಬಿನಲ್ಲಿ ಮಾತ್ರ ಅದು ಸರಿಯಾಗಿ ತಂತಿಯ ಮಟ್ಟಕ್ಕೇ ಬರುತ್ತದೆ.

ತಂತಿ ಕಾಣುವುದಿಲ್ಲವೇ ಎಂದು ಕೇಳಬಹುದು. ಸೊಲ್ಲಾಪುರದಲ್ಲಿ ವಿಮಾನದ ದಾರಿಗೆ ಅಡ್ಡವೆಂದು ಸಕ್ಕರೆ ಕಾರ್ಖಾನೆಯೊಂದರ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದರು. ಚಿಮಣಿ ಹರದಾರಿ ದೂರದಿಂದಲೂ ಕಾಣುತ್ತದೆ. ತಂತಿ ಹಾಗಲ್ಲ. ಗಾಳಿ ಕಡಿಮೆ ಇರುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ನಾವು ಔಷಧ ಹೊಡೆಯುತ್ತೇವೆ, ಆಗಲೇ ಬಿಸಿಲು ಕಣ್ಣಿಗೆ ನೇರವಾಗಿ ಬಡಿದು ತಂತಿ ಮಾಯವಾಗುತ್ತದೆ. ಕಂಡರೂ ಅದು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಕಣ್ಣಿಗೆ ಸಿಗುವುದಿಲ್ಲ. ಅದಕ್ಕಾಗಿಯೇ ತಗ್ಗಿ ಹಾರುವ ವೈಮಾನಿಕರು ತಂತಿಯನ್ನು ಹುಡುಕದೆ ಕಂಬವನ್ನು ಹುಡುಕುತ್ತಾರೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಆಸ್ಟ್ರೇಲಿಯದಿಂದ ತಿಳಿದುಬಂದಿದೆ. ಅಲ್ಲಿ 2001ರಿಂದ 2010ರವರೆಗೆ ವಿಮಾನ, ಹೆಲಿಕಾಪ್ಟರುಗಳು ತಂತಿಗೆ ತಾಗಿ 180 ಅಪಘಾತಗಳಾದವು. ಅವುಗಳಲ್ಲಿ 100 ಕೃಷಿ ಕೆಲಸದಲ್ಲಿ ತೊಡಗಿದವು. ಸರಕಾರದ ತನಿಖಾ ಸಂಸ್ಥೆ ವಿಚಾರಿಸಿದಾಗ, ನೂರಕ್ಕೆ 63 ಮಂದಿಗೆ ಆ ತಂತಿ ಅಲ್ಲಿದೆ ಎಂಬುದು ಮೊದಲೇ ಗೊತ್ತಿತ್ತು! ಸಾಲು ಹಿಡಿದು ಹೋಗುವಾಗ, ಟಾಕಿಯ ಔಷಧ ನೋಡುವಾಗ, “ಆ ಮೂಲೆ ಉಳೀತು” ಎಂದು ತಿರುಗಿ ಬರುವಾಗ ಮರೆತಿದ್ದರು. ಅಲ್ಲಿಯ ಔಷಧದ ವಿಮಾನಗಳಿಗೆ ಮುಂಗಾಜಿನ ಎದುರು ತಂತಿ ಕತ್ತರಿಸುವ ಅಲಗು ಇರುವುದುಂಟು. ನಮ್ಮ ಡ್ರೋನಿಗೆ ಅಂಥದೇನೂ ಇಲ್ಲ. ಎದುರಿನ ಅಡ್ಡಿಯನ್ನು ಅರಿಯುವ ಯಂತ್ರ ಇದ್ದರೂ ಸಣ್ಣ ತಂತಿಯನ್ನು ಅದು ಖಾತ್ರಿಯಾಗಿ ಹಿಡಿಯಲಾರದು. ಬದುವಿನ ನಾಲ್ಕು ಮೂಲೆ ತೋರಿಸಿಕೊಟ್ಟರೆ ಡ್ರೋನಿಗೆ ಹೊಲದ ಸೀಮೆ ತಿಳಿಯುತ್ತದೆ, ತಂತಿ ತಿಳಿಯುವುದಿಲ್ಲ. ಬ್ಯಾಟರಿ ಇಳಿದಾಗ ತಾನೇ ಹೊರಟ ಜಾಗಕ್ಕೆ ನೇರ ದಾರಿ ಹಿಡಿಯುತ್ತದೆ. ಇಡೀ ಹೊತ್ತು ತಪ್ಪಿಸಿದ ತಂತಿಗೆ ಆಗ ಹೋಗಿ ಬಡಿಯಬಹುದು. ಆದ್ದರಿಂದ ಡ್ರೋನನ್ನು ತಂತಿಯ ಯಾವ ಬದಿಗೆ ಕೆಲಸವಿದೆಯೋ ಅದೇ ಬದಿಯಿಂದ ಹಾರಿಸಲು ಹೇಳಿರಿ, ಸಾಲುಗಳನ್ನು ತಂತಿಗೆ ಸಮಾನಾಂತರವಾಗಿ ಹಿಡಿಯಲಿ.

ಇನ್ನು ಕಠಿಣವಾದ ಮಾತಿಗೆ ಬರುತ್ತೇನೆ. ತಂತಿಯ ಎರಡೂ ಬದಿಗೆ ಹತ್ತು ಹತ್ತು ಮೀಟರ್ ಬಿಡಬೇಕೆಂದು ನಮ್ಮ ಸಲಹೆ. ನೂರು ಮೀಟರ್ ಉದ್ದದ ಹೊಲದಲ್ಲಿ ಇದು ಸುಮಾರು 20 ಗುಂಟೆ, ಅರ್ಧ ಎಕರೆ! ಬಾಡಿಗೆ ಪೂರ್ತಿ ಕೊಟ್ಟು ಅರ್ಧ ಎಕರೆ ಬಿಡುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. “ಇನ್ನೊಂದು ಸುತ್ತು ಹೊಡಿಯಪ್ಪ” ಎಂದು ಹುಡುಗನಿಗೆ ಗಂಟು ಬೀಳುವವರು ನಾವೇ. ಬಾಡಿಗೆಯನ್ನು ಹೊಡೆದ ಕ್ಷೇತ್ರಕ್ಕೆ ಮಾತ್ರವೆಂದು ಮೊದಲೇ ಮಾತಾಡಿಕೊಂಡರೆ ಈ ಜಗ್ಗಾಟ ತಪ್ಪುತ್ತದೆ. ಆ ಪಟ್ಟಿಯಲ್ಲಿ ಕಬ್ಬು ಸಣ್ಣದಿರುವಾಗಲೇ ಕೈಪಂಪಿನಿಂದ ಔಷಧ ಹೊಡೆಯಿರಿ. ಬೆಳೆದ ಮೇಲೆ ಉದ್ದನೆಯ ಲೋಹದ ನಳಿಗೆ ಎತ್ತಿ ಹೊಡೆಯುವುದಂತೂ ಡ್ರೋನಿಗಿಂತ ಅಪಾಯ. ಮುಂದಿನ ನಾಟಿಯಲ್ಲಿ ತಂತಿಯ ಕೆಳಗೆ ಶೇಂಗಾ, ಕಡಲೆಯಂಥ ಗಿಡ್ಡ ಬೆಳೆ ಹಾಕಿದರೆ ಬೆಂಕಿಯ ಭಯವೂ ಕಡಿಮೆಯಾಗುತ್ತದೆ.

ತಾಗಿಯೇ ಬಿಟ್ಟರೆ? ಡ್ರೋನಿನ ತೋಳುಗಳು ಬಹುತೇಕ ಕಾರ್ಬನ್ ನಾರಿನವು, ಅವುಗಳಲ್ಲಿ ಕರೆಂಟು ಹರಿಯುತ್ತದೆ. ತಂತಿಯಲ್ಲಿ ಸಿಕ್ಕಿ ತೂಗುವ ಡ್ರೋನನ್ನು ಬಿದಿರಿನಿಂದ ಜಗ್ಗಬಾರದು, ಹಸಿ ಬಿದಿರೂ ಕರೆಂಟು ತರುತ್ತದೆ. ತಂತಿ ನೆಲಕ್ಕೆ ಬಿದ್ದಿದ್ದರೆ, ಬಾವಿಗೆ ಕಲ್ಲೆಸೆದಾಗ ಅಲೆ ಹರಡಿದಂತೆ ಕರೆಂಟು ಮಣ್ಣಿನಲ್ಲಿ ಸುತ್ತಲೂ ಹರಡುತ್ತದೆ. ತಂತಿಯ ಸಮೀಪ ಹೆಚ್ಚು, ದೂರ ಹೋದಂತೆ ಕಡಿಮೆ. ಎರಡು ಪಾದಗಳ ನಡುವೆ ಅಂತರವಿದ್ದಷ್ಟೂ ಹೊಡೆತ ಜೋರು. ಎತ್ತುಗಳ ಮುಂಗಾಲು ಹಿಂಗಾಲಿನ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ನಡುವೆ ಎದೆಯೂ ಇದೆ. ಹರಿದ ತಂತಿಯ ಹತ್ತಿರ ದನ ಮೊದಲು ಸಾಯುವುದು ಇದರಿಂದಲೇ. 35 ಫೂಟಿಗಿಂತ ದೂರ ನಿಲ್ಲಿರಿ. ಒಳಗೆ ಸಿಕ್ಕಿಕೊಂಡಿದ್ದರೆ ಪಾದ ಕೂಡಿಸಿ, ನೆಲದಿಂದ ಎತ್ತದೆ, ಸ್ವಲ್ಪ ಸ್ವಲ್ಪವೇ ಜರುಗಿಸುತ್ತ ಹೊರಬನ್ನಿರಿ.

ಲೈಟು ಹೋಗಿದೆ ಎಂಬ ಮಾತನ್ನು ನಂಬಬೇಡಿರಿ. ಒಣ ರವದಿಯ ಮೇಲೆ ಬಿದ್ದ ತಂತಿಯಿಂದ ಕರೆಂಟು ನೆಲಕ್ಕೆ ಸರಿಯಾಗಿ ಇಳಿಯದಿದ್ದರೆ ಉಪಕೇಂದ್ರದ ಸ್ವಿಚ್ಚು ಬೀಳದೆಯೂ ಇರಬಹುದು. ಬಿದ್ದರೂ ಪರೀಕ್ಷೆಗಾಗಿ ಮತ್ತೆ ಚಾಲೂ ಮಾಡುವುದುಂಟು. ಮಧ್ಯಾಹ್ನ ಸತ್ತಂತಿದ್ದ ತಂತಿ ರಾತ್ರಿ ಮೋಟಾರಿನ ಪಾಳಿ ಬಂದೊಡನೆ ಜೀವ ತಳೆಯುತ್ತದೆ. ಡಿ.ಪಿ. ಕಡೆಯ ತುಂಡಿನಲ್ಲಿ ಕರೆಂಟು ಎಲ್ಲಿಂದ ಬರಬೇಕು ಎಂದು ಬಲ್ಲವರೂ ಹೇಳುತ್ತಾರೆ. ಉಳಿದೆರಡು ತಂತಿಗಳಿಂದ ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ ಅದಕ್ಕೂ ಹಿಮ್ಮುಖವಾಗಿ ಬರುತ್ತದೆ. 1912ಕ್ಕೆ ಫೋನು ಮಾಡಿ, ವಾಯರಮನ್ ಸ್ವತಃ ಬಂದು ಲೈನು ಬಂದು ಮಾಡಿ ಅರ್ಥಿಂಗ್ ಕೊಟ್ಟು ಹೇಳುವವರೆಗೆ ಕಬ್ಬಿನೊಳಗೆ ಯಾರನ್ನೂ ಬಿಡಬೇಡಿರಿ. ಬೆಂಕಿ ಹತ್ತಿದರೂ ಅದಕ್ಕೆ ಮೊದಲು ನೀರು ಎರಚಬೇಡಿರಿ. ಸುಟ್ಟ ಕಬ್ಬಿನ ಸಕ್ಕರೆ ದಿನದಿನಕ್ಕೆ ಇಳಿಯುವುದರಿಂದ, ಹಂಗಾಮು ನಡೆದಿದ್ದರೆ ಅದೇ ದಿನ ಗಟ ಕಚೇರಿಗೆ ತಿಳಿಸಿದರೆ ಕಟಾವಿನ ಸರದಿ ಮುಂದಕ್ಕೆ ತರಬಹುದು.

ಡ್ರೋನ್ ಬರುವ ಹಿಂದಿನ ದಿನ ಹೊಲದ ಯಜಮಾನರೂ ಹಾರಿಸುವವರೂ ಕೂಡಿ ಬದು ತಿರುಗಿ, ಬಾವಿಗೆ ಎಳೆದ ಮೋಟಾರಿನ ತಂತಿಯನ್ನೂ ಕಂಬದ ತಾಣಗಳನ್ನೂ ನೋಡಿಡಬೇಕು. ಕಬ್ಬಿನಲ್ಲಿ ಮುಳುಗಿದ ಕಂಬಗಳ ಸಾಲು ತಿಳಿಯುವಂತೆ, ಕಂಬಕ್ಕೆ ಮುಟ್ಟದೆ, ಎರಡೂ ಕಡೆಯ ಬದುವಿನಲ್ಲಿ ಕೆಂಪು ಬಟ್ಟೆಯ ಗೂಟ ನೆಡಿರಿ. ಹಾರಿಸುವವರ ಜೊತೆಗೆ ತಂತಿಯನ್ನೇ ನೋಡುತ್ತ ನಿಲ್ಲುವ ಒಬ್ಬ ಆಳು ಇರಲಿ, ಅವನಿಗೆ ಬೇರೆ ಕೆಲಸ ಹೇಳಬೇಡಿರಿ. ಎರಡು ದಿನ ಮೊದಲು ಗಟ ಕಚೇರಿಗೆ ತಿಳಿಸಿದರೆ ನಮ್ಮ ಕ್ಷೇತ್ರ ಸಹಾಯಕರೂ ಬದು ತಿರುಗಲು ಬರುತ್ತಾರೆ.