ಸೊನ್ನಲಿಗೆಯ ಕೆರೆಯ ದಂಡೆಗೆ: ಬೇಸಿಗೆಯ ಆರಂಭದ ಒಂದು ಯಾತ್ರೆ

ಹಿಂಗಾರಿ ಜೋಳದ ರಾಶಿ ಮುಗಿದು, ಮಕ್ಕಳ ವಾರ್ಷಿಕ ಪರೀಕ್ಷೆಗಳು ಕೊನೆಗೊಳ್ಳುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಮಾತು ತಾನಾಗಿಯೇ ಹುಟ್ಟುತ್ತದೆ: ಈ ಸಲ ಎಲ್ಲಿಗಾದರೂ ಹೋಗಿಬರೋಣ. ತಂಪು ಬೆಟ್ಟಗಳ ಊರುಗಳಿಗೆ ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕನ್ನೊಳ್ಳಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಸದ್ಭಕ್ತರಿಗೆ ಕೆರೆಯ ದಂಡೆಯ ಮೇಲಿರುವ ಒಂದು ಪುಣ್ಯನಗರವು ಸಮೀಪದಲ್ಲಿಯೇ ಇದೆ. ಅದು ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ. ಚಾದರ ಕೊಳ್ಳಲು, ಆಸ್ಪತ್ರೆಗೆ ತೋರಿಸಲು, ಬೀಗರನ್ನು ಕಾಣಲು ನಾವು ಅಲ್ಲಿಗೆ ಹಲವು ಸಲ ಹೋಗಿರುತ್ತೇವೆ. ಆದರೆ ಆ ಕೆರೆಯನ್ನು ನೋಡುವುದಕ್ಕೆಂದೇ ಹೋದವರು ವಿರಳ. ಈ ವರ್ಷ ಹಾಗೊಮ್ಮೆ ಹೋಗಿಬರಬೇಕೆಂದು ಬಿನ್ನವಿಸುವುದೇ ಈ ಲೇಖನದ ಉದ್ದೇಶ.

ಸಂಕ್ರಾಂತಿಯಲ್ಲವೇ ಸರಿಯಾದ ಕಾಲ?

ಸೊಲ್ಲಾಪುರದ ಯಾತ್ರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಜನವರಿ ತಿಂಗಳ ಮಕರ ಸಂಕ್ರಾಂತಿಯ ಗಡ್ಡದ ಯಾತ್ರೆ. ಏಳು ನಂದಿಧ್ವಜಗಳ ಮೆರವಣಿಗೆ, ಸಿದ್ಧರಾಮರು ಊರ ಸುತ್ತ ಸ್ಥಾಪಿಸಿದರೆಂದು ಹೇಳಲಾಗುವ 68 ಲಿಂಗಗಳಿಗೆ ತೈಲಾಭಿಷೇಕ, ಕುಂಬಾರ ಕನ್ಯೆಯೊಡನೆ ಯೋಗದಂಡಕ್ಕೆ ಅಕ್ಷತೆಯ ವಿಧಿ, ಹೋಮ, ಮದ್ದು ಸುಡುವ ಉತ್ಸವ ಇವೆಲ್ಲವೂ ಕಣ್ತುಂಬ ನೋಡತಕ್ಕವು. ಆದರೆ ಆ ದಿನಗಳಲ್ಲಿ ಜನಸಾಗರವು ನೆರೆದಿರುತ್ತದೆ. ವೃದ್ಧರನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಹೋದವರಿಗೆ ಉತ್ಸವವು ಕಾಣುತ್ತದೆಯೇ ಹೊರತು ಕೆರೆಯು ಕಾಣುವುದಿಲ್ಲ.

ಫಾಲ್ಗುಣದ ಕೊನೆಯಿಂದ ಚೈತ್ರದ ಮೊದಲ ಪಕ್ಷದವರೆಗಿನ ಅವಧಿಯೇ ಕುಟುಂಬಸಹಿತ ಹೋಗಿಬರಲು ತಕ್ಕ ಕಾಲವೆಂದು ನನ್ನ ಅನುಭವ. ಒಕ್ಕಲುತನದ ಕೆಲಸ ಹಗುರಾಗಿರುತ್ತದೆ. ವೈಶಾಖದ ಲಗ್ನಗಳ ಗದ್ದಲ ಇನ್ನೂ ಆರಂಭವಾಗಿರುವುದಿಲ್ಲ. ಮಳೆಗಾಲದ ತುಂಬುನೀರಿಗಿಂತ ಬೇಸಿಗೆಯಲ್ಲಿ ಇಳಿಯುತ್ತಿರುವ ನೀರು ಕೆರೆಯೊಂದರ ಬೆಲೆಯನ್ನು ಮನಸ್ಸಿಗೆ ಚೆನ್ನಾಗಿ ತಿಳಿಸುತ್ತದೆ. ಇದಕ್ಕೂ ತಡಮಾಡಬಾರದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಆ ಭಾಗದ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ.

ನನ್ನಿಂದಾದ ತಪ್ಪು

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ, ಮಠದ ಅಧ್ಯಯನ ಮುಗಿಸಿದ ಉತ್ಸಾಹದಲ್ಲಿ, ನಮ್ಮ ತಾಯಿಯವರನ್ನು ಸಿದ್ಧರಾಮೇಶ್ವರರ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆನು. ವೈಶಾಖ ಮಾಸ. ಬೆಳಗಿನ ಬಸ್ಸು ತಪ್ಪಿತು. ಮುಂದಿನ ಬಸ್ಸು ಹಿಡಿದು ಅಲ್ಲಿಗೆ ಮುಟ್ಟಿದಾಗ ಸೂರ್ಯನು ನೆತ್ತಿಯ ಮೇಲಿದ್ದನು. ಪಾದರಕ್ಷೆ ಬಿಟ್ಟು ಕಾದ ಕಲ್ಲುಹಾಸಿನ ಮೇಲೆ ನಡೆಯುತ್ತಿದ್ದಾಗ ತಾಯಿಯವರು ಕಣ್ಣುಕತ್ತಲೆ ಬಂದು ಕುಸಿದು ಕುಳಿತರು. ಒಯ್ದಿದ್ದ ನೀರು ದಾರಿಯಲ್ಲಿಯೇ ಮುಗಿದಿತ್ತು. ಹೂವು ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ತನ್ನ ತಂಬಿಗೆಯ ನೀರನ್ನು ಕುಡಿಸಿ, ಸೆರಗಿನಿಂದ ಗಾಳಿ ಬೀಸಿ, ನೆರಳಿಗೆ ಕರೆತಂದಳು. ನಾನು ಕಲಿತ ಶಾಸ್ತ್ರವೆಲ್ಲವೂ ಆ ಒಂದು ತಂಬಿಗೆ ನೀರಿನ ಮುಂದೆ ಸಣ್ಣದಾಯಿತು.

ಸಂಜೆಯವರೆಗೆ ನಾವು ಕೆರೆಯ ದಂಡೆಯ ನೆರಳಿನಲ್ಲಿಯೇ ಕುಳಿತೆವು. ತಾಯಿಯವರು ಅಕ್ಷರ ಕಲಿತವರಲ್ಲ. 1972ರ ಬರಗಾಲದಲ್ಲಿ ಸರಕಾರದ ಕಾಮಗಾರಿಗೆ ಹೋಗಿ ಕೆರೆಯ ಒಡ್ಡಿಗೆ ಮಣ್ಣಿನ ಬುಟ್ಟಿ ಹೊತ್ತವರು. ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, ಕೊನೆಗೆ ಒಂದು ಮಾತು ಕೇಳಿದರು: "ಯಪ್ಪಾ, ಇಷ್ಟು ಮಣ್ಣು ಯಾರ್ ಹೊತ್ತಾರ?"

ನಾನು ಸಿದ್ಧರಾಮೇಶ್ವರರ ಹೆಸರು ಹೇಳಿದೆನು. "ಅವರು ಮಾಡಸ್ಯಾರ ಖರೇ. ಹೊತ್ತವರು ಯಾರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೆರೆಯ ಹಿಂದಿನ ಕಥೆ

ಹನ್ನೆರಡನೆಯ ಶತಮಾನದಲ್ಲಿ ಮುದ್ದಗೌಡ ಮತ್ತು ಸುಗ್ಗವ್ವೆ ಎಂಬ ಒಕ್ಕಲು ದಂಪತಿಗಳ ಮಗನಾಗಿ ಸಿದ್ಧರಾಮರು ಜನಿಸಿದರು. ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ತನ್ನ ಸಿದ್ಧರಾಮ ಚರಿತ್ರೆಯಲ್ಲಿ ಅವರ ಬಾಲ್ಯವನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆ. ದನ ಕಾಯುತ್ತಿದ್ದ ಬಾಲಕನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮ ರೂಪದಲ್ಲಿ ಬಂದು ಹಸಿವೆಂದನು. ಬಾಲಕನು ಮನೆಗೆ ಓಡಿ ಉಣಿಸು ತರುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ ಆ ಮುಗ್ಧನು ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲಕ್ಕೆ ನಡೆದನು. ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಸಿದ್ಧನಾದಾಗ ಮಲ್ಲಿಕಾರ್ಜುನನು ಕೈಹಿಡಿದು, ನಿನ್ನ ಊರಿಗೆ ಮರಳಿ ಅದನ್ನೇ ಶ್ರೀಶೈಲವನ್ನಾಗಿ ಮಾಡು ಎಂದು ಕಳುಹಿಸಿದನು.

ದೇವರನ್ನು ಕಂಡ ಬಾಲಕನು ಬೆಟ್ಟದಲ್ಲಿ ಉಳಿಯಲಿಲ್ಲ, ಊರಿಗೆ ಮರಳಿದನು. ಮರಳಿದ ಮೇಲೆ ಗುಡಿಯ ಜೊತೆಗೆ ಕೆರೆಯನ್ನೂ ಕಟ್ಟಿಸಿದನು. ಮಳೆ ಕಡಿಮೆಯಾದ ಈ ಎರೆಭೂಮಿಯಲ್ಲಿ ಊರೊಂದು ಶ್ರೀಶೈಲವಾಗಬೇಕಾದರೆ ಮೊದಲು ಅಲ್ಲಿ ನೀರು ನಿಲ್ಲಬೇಕೆಂಬುದನ್ನು ಆ ಒಕ್ಕಲಿಗರ ಮನೆಯ ಮಗನು ಬಲ್ಲನು.

ಮುಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆಯ ಕೆಲಸ ನಡೆದಿದ್ದಾಗ ಬಂದು, ಒಡ್ಡರಾಮನೆಲ್ಲಿ ಎಂದು ಕೇಳಿದರು. ತಮ್ಮ ಗುರುವನ್ನು ಹೀಗೆ ಕರೆದರೆಂದು ಕೆಲಸಗಾರರು ಕೆರಳಿ ಕಲ್ಲೆಸೆದರು. ಅನಂತರ ನಡೆದ ಸಂವಾದದಲ್ಲಿ ಪ್ರಭುಗಳು ಸಿದ್ಧರಾಮರಿಗೆ ತೋರಿಸಿಕೊಟ್ಟದ್ದು ಇಷ್ಟು: ಗುಡಿ, ಕೆರೆಗಳನ್ನು ಕಟ್ಟಿದೆನೆಂಬ ಭಾವವು ಉಳಿದಿರುವವರೆಗೆ ತನ್ನ ನಿಜವು ತನಗೆ ತಿಳಿಯದು. ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೋದರು. ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಅಲ್ಲಮಪ್ರಭು ಮತ್ತು ಚೆನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನದ ಮೂರನೆಯ ಅಧ್ಯಕ್ಷರಾದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದ ಅವರ ವಚನಗಳು ನಮ್ಮ ಸಾಹಿತ್ಯದ ನಿಧಿಯಾಗಿವೆ.

ಇಷ್ಟಲಿಂಗಧಾರಿಗಳಾದ ನಮಗೆ ಸ್ಥಾವರದ ಯಾತ್ರೆ ಏಕೆ ಎಂದು ಕೆಲವು ತರುಣರು ಕೇಳುತ್ತಾರೆ. ಪ್ರಶ್ನೆಯು ಯೋಗ್ಯವಾದುದೇ. ಪ್ರಭುಗಳ ಮಾತಿನಿಂದ ಕೆರೆಯು ಒಡೆಯಲಿಲ್ಲ. ಒಡೆದದ್ದು ನಾನು ಕಟ್ಟಿದೆನೆಂಬ ಒಡ್ಡು ಮಾತ್ರ. ನೀರು ಅಲ್ಲಿಯೇ ಉಳಿಯಿತು. ನಮ್ಮ ತಾಯಿಯವರ ಪ್ರಶ್ನೆಯೂ ಅದನ್ನೇ ಹೇಳುತ್ತಿತ್ತೆಂದು ನನಗೆ ತಡವಾಗಿ ಹೊಳೆಯಿತು. ಸಾವಿರಾರು ಹೆಸರಿಲ್ಲದ ಕೈಗಳು ಮಣ್ಣು ಹೊತ್ತದ್ದರಿಂದ ಆ ಕೆರೆ ಆಯಿತು. ದೇವರು ಹೊರಗಿದ್ದಾನೆಂದು ಹುಡುಕಲು ನಾವು ಅಲ್ಲಿಗೆ ಹೋಗುವುದಿಲ್ಲ. ಕಾಯಕವು ಎಷ್ಟು ಕಾಲ ಬಾಳುತ್ತದೆಂಬುದನ್ನು ನೋಡಿ ಬರಲು ಹೋಗುತ್ತೇವೆ.

ಹೊರಡುವ ಸಿದ್ಧತೆ

ಸಿಂದಗಿ ಭಾಗದಿಂದ ಇಂಡಿ, ಝಳಕಿ ಮಾರ್ಗವಾಗಿ ಹೆದ್ದಾರಿಯನ್ನು ಸೇರಬಹುದು. ಧೂಳಖೇಡದ ಬಳಿ ಭೀಮಾನದಿಯನ್ನು ದಾಟಿದರೆ ಮಹಾರಾಷ್ಟ್ರ. ಬಾಗೇವಾಡಿ, ಮುದ್ದೇಬಿಹಾಳದವರಿಗೆ ವಿಜಯಪುರದ ಮೇಲಿನ ದಾರಿ ಅನುಕೂಲ. ವಿಜಯಪುರದಿಂದ ಸೊಲ್ಲಾಪುರವು ಸುಮಾರು 100 ಕಿಲೋಮೀಟರ್. ರೈಲಿನಲ್ಲಿ ಹೋಗುವವರಿಗೆ ವಿಜಯಪುರ ಮತ್ತು ಇಂಡಿ ರೋಡ್ ನಿಲ್ದಾಣಗಳಿವೆ. ಗಾಡಿಗಳ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ಕೊನೆಯ ಗಳಿಗೆಯ ಓಟವೇ ಬಿಸಿಲಿನ ಕಷ್ಟಕ್ಕೆ ಮೂಲವೆಂಬುದಕ್ಕೆ ನಾನೇ ಸಾಕ್ಷಿ.

ಸೋಮವಾರ ಮತ್ತು ಅಮಾವಾಸ್ಯೆಗಳನ್ನು ಬಿಟ್ಟು ಉಳಿದ ದಿನವನ್ನು ಆರಿಸಿಕೊಂಡರೆ ದರ್ಶನವು ನೆಮ್ಮದಿಯಿಂದ ಆಗುತ್ತದೆ. ನಸುಕಿನಲ್ಲಿಯೇ ಲಿಂಗಪೂಜೆ ಮುಗಿಸಿ ಹೊರಟು, ಬಿಸಿಲೇರುವ ಮುನ್ನ ಅಲ್ಲಿರಬೇಕು. ದೂರದವರು ಹಿಂದಿನ ಸಂಜೆಯೇ ಹೋಗಿ ವಸತಿ ಮಾಡುವುದು ಲೇಸು. ಕಟಕರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿಯ ಬುತ್ತಿ ಇರಲಿ. ತಲೆಗೊಂದು ಕೊಡದಂತೆ ಎಣಿಸಿದರೂ ತಪ್ಪಿಲ್ಲವೆನ್ನುವಷ್ಟು ಕುಡಿಯುವ ನೀರಿರಲಿ. ವೃದ್ಧರಿಗೆ ಕೊಡೆಯನ್ನೂ ಬರಿಗಾಲಿನಲ್ಲಿ ನಡೆಯುವಲ್ಲಿ ತೊಡಲು ದಪ್ಪ ಕಾಲುಚೀಲವನ್ನೂ ಮರೆಯಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಗುಳಿಗೆ ತೆಗೆದುಕೊಳ್ಳುವವರು ಅವುಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ದಿನವನ್ನು ಕಳೆಯುವ ಬಗೆ

ಬೆಳಿಗ್ಗೆ ಮೊದಲು ಗುಡಿಯ ದರ್ಶನ, ಬಳಿಕ ಸಿದ್ಧರಾಮೇಶ್ವರರ ಸಮಾಧಿಯ ಬಳಿ ಸ್ವಲ್ಪ ಹೊತ್ತು ಮೌನ. ಅನಂತರ ಮಕ್ಕಳೊಡನೆ ಕೆರೆಯ ದಂಡೆಯಲ್ಲಿ ಕುಳಿತು ಮೇಲಿನ ಕಥೆಯನ್ನು ಹೇಳಬೇಕು. ಹೂವು, ನಿರ್ಮಾಲ್ಯ, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಎಸೆಯದಿರುವುದೂ ಪೂಜೆಯ ಭಾಗವೆಂದು ಅಲ್ಲಿಯೇ ಕಲಿಸಬೇಕು. ಕೆರೆಗೆ ಹೊಂದಿಕೊಂಡೇ ಬಹಮನಿಗಳ ಕಾಲದ ನೆಲಕೋಟೆಯಿದೆ. ಅದನ್ನು ಹತ್ತು ಗಂಟೆಯೊಳಗೆ ನೋಡಿ ಮುಗಿಸಬೇಕು.

ಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ. ಆ ಹೊತ್ತಿನಲ್ಲಿ ಮಕ್ಕಳಿಗೆ ಆ ಊರಿನ ಹಿರಿಯರನ್ನು ಪರಿಚಯಿಸಬಹುದು. 1930ರ ಮೇ ತಿಂಗಳಲ್ಲಿ ಸ್ವಾತಂತ್ರ್ಯದ ಕಿಚ್ಚು ಹೊತ್ತಿದ ಆ ನಗರದ ಮೇಲೆ ಆಂಗ್ಲರು ಲಷ್ಕರಿ ಕಾಯಿದೆಯನ್ನು ಹೇರಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಾಲ್ವರ ಮನೆಯ ಆಚಾರಗಳು ಬೇರೆ ಬೇರೆ, ಅರ್ಪಿಸಿದ ಪ್ರಾಣ ಒಂದೇ ನಾಡಿಗೆ.

ಕನ್ನಡದ ಋಣವೂ ಆ ಊರಿನ ಮೇಲಿದೆ, ಆ ಊರಿನ ಋಣ ಕನ್ನಡದ ಮೇಲೂ ಇದೆ. 1950ರಲ್ಲಿ ಅಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ವಚನ ಸಾಹಿತ್ಯದ ವಿದ್ವಾಂಸರಾದ ಎಂ. ಆರ್. ಶ್ರೀನಿವಾಸಮೂರ್ತಿಯವರು ಅದರ ಅಧ್ಯಕ್ಷರಾಗಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರವು ನಮ್ಮೊಡನೆ ಸೇರಲಿಲ್ಲ. ಆದರೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿದೆ. ಆ ಊರಿನ ಮಗಳಾದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಿಕ್ಷಣ ಪಡೆದರೂ ಕನ್ನಡವನ್ನು ಸಾಧಿಸಿಕೊಂಡು, ಸಿದ್ಧರಾಮೇಶ್ವರರ ಜೀವನವನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದರು. 1974ರ ಮಂಡ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದರು. ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ಅವಶ್ಯ ಹೇಳಬೇಕು.

ಸಂಜೆ ತಂಪಾದ ಮೇಲೆ ಪೇಟೆಗೆ ಹೋಗಿ ಚಾದರವನ್ನೋ ಟಾವೆಲನ್ನೋ ಕೊಳ್ಳಬಹುದು. ಅದೂ ನೇಕಾರರ ಕಾಯಕವೇ.

ಮರಳಿ ಬಂದ ಮೇಲೆ

ಯಾತ್ರೆಯು ಬಸ್ಸಿನಿಂದ ಇಳಿದಾಗ ಮುಗಿಯಬಾರದು. ಇಂದು ಸೊಲ್ಲಾಪುರದ ಜನರು ಕುಡಿಯುವ ನೀರಿಗೆ ಬಹಳಮಟ್ಟಿಗೆ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟನ್ನು ನಂಬಿದ್ದಾರೆ. ಅದೇ ಭೀಮೆಯ ಕೆಳಗಿನ ದಂಡೆಯಲ್ಲಿರುವ ನಮ್ಮ ಇಂಡಿ, ಸಿಂದಗಿ ಭಾಗದ ಹಳ್ಳಿಗಳೂ ಬೇಸಿಗೆ ಬಂದರೆ ಆ ನೀರಿನ ದಾರಿ ಕಾಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಏರಿಸಿ ನಮ್ಮ ಜಿಲ್ಲೆಯ ಹಲವು ಕೆರೆಗಳನ್ನು ತುಂಬಿಸಲಾಗಿದೆ. ಸರಕಾರವು ನೀರನ್ನು ತಂದು ಬಿಡಬಹುದು. ಕೆರೆಯ ಹೂಳನ್ನು ತೆಗೆಯುವುದು, ಏರಿಯ ಮೇಲಿನ ಜಾಲಿಯನ್ನು ಕಡಿಯುವುದು, ನೀರು ಬರುವ ಹಳ್ಳವನ್ನು ಒತ್ತುವರಿ ಮಾಡದಿರುವುದು ಊರವರ ಕೆಲಸ. ಬೇಸಿಗೆಯಲ್ಲಿ ಬರಿದಾದ ಕೆರೆಯ ಹೂಳು ಹೊಲಕ್ಕೆ ಉತ್ತಮ ಗೊಬ್ಬರವೂ ಹೌದು. ಚೈತ್ರದಲ್ಲಿ ಯಾತ್ರೆ ಮಾಡಿಬಂದವರಿಗೆ ಮುಂಗಾರಿನವರೆಗೆ ಎರಡು ತಿಂಗಳ ಅವಕಾಶವಿರುತ್ತದೆ.

ನಮ್ಮ ತಾಯಿಯವರು ಆ ಸಲ ಊರಿಗೆ ಮರಳಿದ ಮೇಲೆ, ಹೂವಿನವಳ ತಂಬಿಗೆಯನ್ನು ನೆನೆದು, ಪ್ರತಿ ಬೇಸಿಗೆಯಲ್ಲಿ ಮನೆಯ ಕಟ್ಟೆಯ ಮೇಲೆ ದಾರಿಹೋಕರಿಗಾಗಿ ಒಂದು ಮಣ್ಣಿನ ಹರವಿಯನ್ನು ತುಂಬಿಡತೊಡಗಿದರು. ಅವರು ಲಿಂಗೈಕ್ಯರಾಗಿ ವರ್ಷಗಳಾದವು. ಹರವಿಯನ್ನು ಈಗ ನಮ್ಮ ಸೊಸೆ ತುಂಬುತ್ತಾಳೆ. ಸೊನ್ನಲಿಗೆಯ ಕೆರೆಯನ್ನು ಕಂಡುಬಂದವರು ತಮ್ಮ ಶಕ್ತಿಗೆ ತಕ್ಕಂತೆ ಒಂದು ಬುಟ್ಟಿ ಮಣ್ಣನ್ನು ಎತ್ತಲಿ, ಆಗದಿದ್ದರೆ ಒಂದು ಹರವಿ ನೀರನ್ನಾದರೂ ಇಡಲಿ. ಅದೇ ಯಾತ್ರೆಯ ಫಲ.