ಸಣ್ಣ ಲ್ಯಾಪ್‌ಟಾಪಿಗೆ ಯಾವ ಓಎಸ್ ಹಾಕಬೇಕ್ರಿ?

ಲ್ಯಾಪ್‌ಟಾಪ್ ಭಾಳ ಸ್ಲೋ ಆಗೈತೇನ್ರಿ? ಗುಜರಿಗೆ ಹಾಕಬ್ಯಾಡ್ರಿ, ತಡೀರಿ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11 ಕೇಳೂದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮ್ಯಾಲೆ ಟಿಪಿಎಂ 2.0 ಅನ್ನೂ ಭದ್ರತಾ ಚಿಪ್. ನಿಮ್ಮದು 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಇದ್ರ ಅದು ಆಗದ ಮಾತು.

ಮೊದ್ಲು ನಿಮ್ಮ ಕೆಲಸ ಏನು ಹೇಳ್ರಿ. ಇಳಕಲ್‌ನಾಗ ಸೀರಿ ಅಂಗಡಿ ಲೆಕ್ಕ ಟ್ಯಾಲಿಯೊಳಗ ಇಟ್ಟೀರಿ? ವಿಂಡೋಸ್ ಬಿಡಬ್ಯಾಡ್ರಿ, ಟ್ಯಾಲಿ ಇರೂದು ವಿಂಡೋಸಿಗೆ. ಚುರುಕಾಗಾಕ ಬಾಗಲಕೋಟಿಗೆ ಹೋದಾಗ ಎಸ್‌ಎಸ್‌ಡಿ ಹಾಕಸ್ರಿ. ಬಾದಾಮ್ಯಾಗ ಹೋಂಸ್ಟೇ ಬುಕಿಂಗ್, ಮೇಲ್, ಯೂಟ್ಯೂಬ್ ಅಷ್ಟ? 4 ಜಿಬಿ ಇದ್ರ ಕ್ರೋಮ್ ಓಎಸ್ ಫ್ಲೆಕ್ಸ್ ಸಾಕು.

2 ಜಿಬಿ ಇದ್ರ ನನ್ನ ಓಟು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇಗೆ. ಪುಕ್ಕಟೆ. ಹಂಗಂತ ಹತ್ತು ಟ್ಯಾಬ್ ತೆರೆದ್ರ ಅದೂ ಏದುಸಿರು ಬಿಡ್ತೈತಿ.

‘ನಮ್ಮ ಹುನಗುಂದದಾಗ ಅರ್ಜಿ ಟೈಪ್ ಮಾಡ್ತೀವಿ, ನುಡಿ ತಂತ್ರಾಂಶ ಇಲ್ದ ಹೆಂಗ್ರಿ?’ ಅಂತೀರಿ. ಮಿಂಟ್‌ನಾಗ ಕೀಬೋರ್ಡ್ ಸೆಟ್ಟಿಂಗ್ಸ್ ತೆರೀರಿ, ಲೇಔಟ್ ಒತ್ತಿ, ಕನ್ನಡ ಕಗಪ ಆರಿಸ್ರಿ. ಒತ್ತಕ್ಷರಕ್ಕ ಅದ ಎಫ್ ಕೀಲಿ, ಬೆರಳಿಗೆ ಹೊಸಾ ಪಾಠ ಬೇಕಿಲ್ಲ. ಹಳೇ ನುಡಿ ಫೈಲ್ ಮಾತ್ರ ಯೂನಿಕೋಡಿಗೆ ಬದಲಿಸಿಟ್ಕೊಳ್ರಿ, ಇಲ್ಲಾಂದ್ರ ಪರದೆ ತುಂಬ ಅಡ್ಡಾದಿಡ್ಡಿ ಗುರುತು ಕಾಣ್ತಾವು.

ಪೆನ್‌ಡ್ರೈವಿನಿಂದನ ಮಿಂಟ್ ಓಡಿಸಿ ನೋಡ್ರಿ. ವೈಫೈ ಹಿಡೀತೈತಾ, ಪ್ರಿಂಟರ್ ಮಾತು ಕೇಳ್ತೈತಾ? ಸರಿ ಅನಿಸಿದ್ರ ಹಾಕ್ಕೊಳ್ರಿ. ಆದ್ರ ಇನ್‌ಸ್ಟಾಲ್ ಒತ್ತೂಕ್ಕಿಂತ ಮೊದ್ಲು ಫೋಟೋ, ದಾಖಲೆ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡ್ಕೊಳ್ರಿ. ಡಿಸ್ಕ್ ಒಮ್ಮೆ ಅಳಿಸಿದ್ರ ಮತ್ತ ಸಿಗೂದು ಕಷ್ಟ.